ಕ್ವೇ ಸ್ಟ್ರೀಟಿನ ಗ್ರನಾಡಾ: ಓದುಗರು ಕೇಳಿದ್ದು, ನಾನು ಹೇಳಿದ್ದು

ಹಿಂದಿನ ಸಂಚಿಕೆಯಲ್ಲಿ ಧಾರಾವಾಹಿಗಳ ಹೊರಾಂಗಣ ಸೆಟ್ಟುಗಳ ಬಗ್ಗೆ ಬರೆಯುವಾಗ, ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಗ್ರನಾಡಾ ಸ್ಟುಡಿಯೋ 2013ರಲ್ಲಿ ಬಾಗಿಲು ಹಾಕಿತು ಎಂದು ಒಂದು ಸಾಲು ಬರೆದು ಮುಂದಕ್ಕೆ ಹೋಗಿದ್ದೆ. ಆ ಸಾಲನ್ನೇ ಹಿಡಿದುಕೊಂಡು ಇಷ್ಟೊಂದು ಪತ್ರ ಬರುತ್ತವೆಂದು ಎಣಿಸಿರಲಿಲ್ಲ. ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಹೊಸ ಓದುಗರಿಗೊಂದು ಮಾತು: ನಾನು ಟಿವಿ ಸ್ಟುಡಿಯೋದಲ್ಲಿ ವಿಷನ್ ಕಂಟ್ರೋಲ್ ಪ್ಯಾನೆಲ್ ಮುಂದೆ ಕೂತು, ಕ್ಯಾಮರಾಗಳ ಬಣ್ಣ ಬೆಳಕು ಸರಿಹೊಂದಿಸುತ್ತಲೇ ನಿವೃತ್ತನಾದವನು. ತಾರೆಯರ ಸುದ್ದಿಗಿಂತ ಟೇಪು, ಇಟ್ಟಿಗೆ, ಜಾಗದ ಬೆಲೆ ಇಂಥದೇ ಹೆಚ್ಚು ಬಂದರೆ ಸಹಿಸಿಕೊಳ್ಳಬೇಕು.

ಬ್ರಿಟನ್ನಿನಲ್ಲಿ ಟಿವಿ ಅಂದರೆ ಲಂಡನ್ ಅಲ್ಲವೇ? ಗ್ರನಾಡಾದವರು ಮ್ಯಾಂಚೆಸ್ಟರಿಗೆ ಹೋಗಿ ಸ್ಟುಡಿಯೋ ಕಟ್ಟಿದ್ದೇಕೆ?
— ನಿವೃತ್ತ ಅಧ್ಯಾಪಕರು, ಸಾಗರ

ಲಂಡನ್ನಿನವರೂ ಹೀಗೇ ಕೇಳಿದ್ದರು, ಸ್ವಲ್ಪ ಮೂಗು ಮುರಿದುಕೊಂಡು.

1954ರ ಟೆಲಿವಿಷನ್ ಕಾಯ್ದೆಯಿಂದ ಬಿಬಿಸಿಯ ಏಕಸ್ವಾಮ್ಯ ಹೋಯಿತು. ಜಾಹೀರಾತಿನ ಹಣದಲ್ಲಿ ನಡೆಯುವ ಐಟಿವಿ ಬಂತು. ಆದರೆ ಇಡೀ ದೇಶವನ್ನು ಒಬ್ಬರಿಗೇ ಬರೆದುಕೊಡಲಿಲ್ಲ. ಪ್ರಾಂತ್ಯಕ್ಕೊಂದು ಕಂಪನಿ, ಕೆಲವು ಕಡೆ ವಾರದ ದಿನಗಳಿಗೊಂದು, ಶನಿವಾರ ಭಾನುವಾರಕ್ಕೆ ಇನ್ನೊಂದು. ಸಿಡ್ನಿ ಬರ್ನ್‌ಸ್ಟೀನ್ ಆಗಲೇ ಗ್ರನಾಡಾ ಹೆಸರಿನ ಚಿತ್ರಮಂದಿರಗಳ ಸರಣಿ ನಡೆಸುತ್ತಿದ್ದ ಮನುಷ್ಯ. ತಮ್ಮ ಸೆಸಿಲ್ ಜೊತೆ ಸೇರಿ ಉತ್ತರ ಇಂಗ್ಲೆಂಡಿನ ವಾರದ ದಿನಗಳ ಪರವಾನಗಿ ಕೇಳಿದ, ಪಡೆದ. ಇವನ ಥಿಯೇಟರುಗಳು ಹೆಚ್ಚಾಗಿ ದಕ್ಷಿಣದಲ್ಲಿದ್ದವು. ತನ್ನ ಟಿವಿಯೇ ತನ್ನ ಟಿಕೆಟ್ ಕೌಂಟರಿಗೆ ಹೊಡೆತ ಕೊಡಬಾರದಲ್ಲ! ಯಾರಾದರೂ ಕಾರಣ ಕೇಳಿದರೆ ಆತ ತಮಾಷೆಯಾಗಿ ಹೇಳುತ್ತಿದ್ದುದು ಬೇರೆ: ಎರಡು ನಕ್ಷೆ ನೋಡಿದೆ, ಒಂದು ಜನಸಂಖ್ಯೆಯದು, ಇನ್ನೊಂದು ಮಳೆಯದು, ಎರಡೂ ದಟ್ಟವಾಗಿ ಕೂಡುವ ಕಡೆ ಜನ ಮನೆಯಲ್ಲೇ ಕೂತು ಟಿವಿ ನೋಡುತ್ತಾರೆ ಅಂತ. ವ್ಯಾಪಾರಿಯ ಲೆಕ್ಕ ಮತ್ತು ಪ್ರದರ್ಶನಕಾರನ ನಾಲಿಗೆ, ಎರಡೂ ಒಬ್ಬನಲ್ಲೇ ಇದ್ದವು.

1956ರ ಮೇ 3ರಂದು ಪ್ರಸಾರ ಶುರು. ಕಟ್ಟಡ ನಗರದ ಮಧ್ಯದ ಕ್ವೇ ಸ್ಟ್ರೀಟಿನಲ್ಲಿ, ಇರ್ವೆಲ್ ನದಿಗೆ ಹತ್ತಿರ. ಆ ಕಾಲದಲ್ಲಿ ಉಳಿದ ಕಂಪನಿಗಳು ಹಳೆಯ ರಂಗಮಂದಿರವನ್ನೋ ಸಿನಿಮಾ ಸ್ಟುಡಿಯೋವನ್ನೋ ಕೊಂಡು, ಒಳಗೆ ಕೇಬಲ್ ಎಳೆದು ಕೆಲಸ ಸಾಗಿಸುತ್ತಿದ್ದವು. ಬ್ರಿಟನ್ನಿನಲ್ಲಿ ಟಿವಿಗೆಂದೇ ಅಡಿಪಾಯದಿಂದ ಕಟ್ಟಿದ ಮೊದಲ ಸ್ಟುಡಿಯೋ ಇದು. ಲಂಡನ್ನಿನಲ್ಲಿ ಬಿಬಿಸಿಯ ಪ್ರಸಿದ್ಧ ಟೆಲಿವಿಷನ್ ಸೆಂಟರ್ ತೆರೆದದ್ದು 1960ರಲ್ಲಿ. ಗ್ರನಾಡಾದ ವಾಸ್ತುಶಿಲ್ಪಿ ರಾಲ್ಫ್ ಟಬ್ಸ್, 1951ರ ಬ್ರಿಟನ್ ಉತ್ಸವಕ್ಕೆ ದೊಡ್ಡ ಗುಮ್ಮಟ ಕಟ್ಟಿ ಹೆಸರಾದವರು.

ಬರ್ನ್‌ಸ್ಟೀನನ ಎರಡು ಚೇಷ್ಟೆಗಳನ್ನು ಹೇಳದೆ ಮುಂದೆ ಹೋಗಲಾರೆ. ಸ್ಟುಡಿಯೋಗಳಿಗೆ ಸಮಸಂಖ್ಯೆ ಮಾತ್ರ ಕೊಟ್ಟ. ಎರಡು, ನಾಲ್ಕು, ಆರು ಇವೆ. ಒಂದು, ಮೂರು, ಐದು ಇಲ್ಲ. ಹೊರಗಿನವನಿಗೆ ಇದ್ದದ್ದಕ್ಕಿಂತ ದುಪ್ಪಟ್ಟು ಇದ್ದಂತೆ ಅನ್ನಿಸಬೇಕು. ಇನ್ನೊಂದು: ಅಮೆರಿಕದ ಸರ್ಕಸ್ ದೊರೆ ಪಿ. ಟಿ. ಬಾರ್ನಮ್‌ನ ಚಿತ್ರವನ್ನು ಕಚೇರಿಯ ಗೋಡೆಗಳ ಮೇಲೆ ತೂಗುಹಾಕಿಸಿದ. ನಾವಿರುವುದು ಜನರನ್ನು ರಂಜಿಸುವ ಕಸುಬಿನಲ್ಲಿ ಎಂದು ಪತ್ರಕರ್ತರಿಗೂ ಇಂಜಿನಿಯರರಿಗೂ ದಿನಾ ನೆನಪಾಗುತ್ತಿರಲಿ ಅಂತ. ನಾನು ಕೆಲಸ ಮಾಡಿದ ಕಡೆ ಗೋಡೆ ಮೇಲೆ ಇದ್ದದ್ದು ಬೆಂಕಿ ಆರಿಸುವ ಸಿಲಿಂಡರು ಮತ್ತು ಧೂಮಪಾನ ನಿಷೇಧದ ಫಲಕ.

ಆದರೆ ಈ ಸರ್ಕಸ್ ಮನೋಭಾವದಿಂದಲೇ ಗಂಭೀರ ಕೆಲಸವೂ ಬಂತು. 1958ರ ಫೆಬ್ರವರಿಯಲ್ಲಿ ಪಕ್ಕದ ರಾಚ್‌ಡೇಲ್‌ನಲ್ಲಿ ಉಪಚುನಾವಣೆ. ಅಭ್ಯರ್ಥಿಗಳನ್ನು ಪರದೆ ಮೇಲೆ ತೋರಿಸಿದರೆ ಚುನಾವಣಾ ಕಾನೂನಿನ ಉಲ್ಲಂಘನೆ ಆದೀತೆಂದು ಅಲ್ಲಿಯವರೆಗೆ ಎಲ್ಲರೂ ಹೆದರಿದ್ದರು. ಗ್ರನಾಡಾದವರು ಕ್ಯಾಮರಾ ತೆಗೆದುಕೊಂಡು ಹೋಗಿಯೇಬಿಟ್ಟರು. ಬ್ರಿಟನ್ನಿನಲ್ಲಿ ಟಿವಿ ವರದಿ ಮಾಡಿದ ಮೊದಲ ಉಪಚುನಾವಣೆ ಅದು. ಸ್ಟುಡಿಯೋ ಊರ ನಡುವೆ ಇದ್ದುದರ ಲಾಭ ಇಂಥದು. ಸುದ್ದಿ, ನಟರು, ಪ್ರೇಕ್ಷಕರು, ಜಗಳ ಎಲ್ಲ ಕೈಗೆಟುಕುವಷ್ಟು ಹತ್ತಿರ.

ನಾನು ಹವ್ಯಾಸಿ ರಂಗತಂಡದಲ್ಲಿ ಸೆಟ್ ಕೆಲಸ ಮಾಡುತ್ತೇನೆ. ‘ಕಾರೊನೇಷನ್ ಸ್ಟ್ರೀಟ್’ ಧಾರಾವಾಹಿಗೆ ಒಂದಿಡೀ ಬೀದಿಯನ್ನೇ ಕಟ್ಟಿದ್ದರು ಎಂದಿರಿ. ಸ್ಟುಡಿಯೋ ಒಳಗೆ ಬೀದಿ ಹೇಗೆ ಹಿಡಿಸುತ್ತದೆ?
— ರಂಗಕರ್ಮಿ, ಧಾರವಾಡ

ಹಿಡಿಸುವುದಿಲ್ಲ. ಹಿಡಿಸಿದಂತೆ ಕಾಣಿಸಬೇಕು, ಅಷ್ಟೇ. ನಿಮಗೆ ಇದನ್ನು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಈ ಸ್ಟುಡಿಯೋದ ಇತಿಹಾಸದ ಅರ್ಧ ಭಾಗ ಆ ಬೀದಿಯದೇ.

ಮೊದಲ ಕಂತು 1960ರ ಡಿಸೆಂಬರ್ 9, ಶುಕ್ರವಾರ. ಬರೆದವನು ಟೋನಿ ವಾರನ್, ವಯಸ್ಸು 24. ಕಾರ್ಖಾನೆ ಊರೊಂದರ ಹಿಂದಿನ ಬೀದಿ, ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆಯ ಸಾಲುಮನೆಗಳು, ಮೂಲೆಯಲ್ಲೊಂದು ಪಬ್. ಮಾದರಿ ಪಕ್ಕದ ಸಾಲ್ಫರ್ಡಿನ ಆರ್ಚಿ ಸ್ಟ್ರೀಟ್. ಆವರೆಗೆ ಬ್ರಿಟಿಷ್ ಟಿವಿಯಲ್ಲಿ ಉತ್ತರದವರ ಉಚ್ಚಾರಣೆ ಕೇಳಿಸಿದರೆ ಅದು ಸಾಮಾನ್ಯವಾಗಿ ಹಾಸ್ಯಕ್ಕೆ. ಇಲ್ಲಿ ಆ ಭಾಷೆಯಲ್ಲೇ ಅಳು, ಜಗಳ, ಪ್ರೀತಿ, ಸಾವು. ನಟರು ಬಹಳ ಮಂದಿ ಉತ್ತರದ ರಂಗಭೂಮಿಯಲ್ಲಿ ಪಳಗಿದವರು. ಆ ಮೊದಲ ಕಂತಿನಲ್ಲಿದ್ದ ವಿಲಿಯಂ ರೋಚ್ ಅರವತ್ತು ವರ್ಷ ದಾಟಿದ ಮೇಲೂ ಅದೇ ಪಾತ್ರ ಮಾಡುತ್ತಾ ಗಿನ್ನೆಸ್ ದಾಖಲೆಯವರೆಗೆ ಹೋದರು.

ಶುಕ್ರವಾರದ ಕಂತು ನೇರಪ್ರಸಾರ. ಅದು ಮುಗಿದ ಕೂಡಲೇ ಅದೇ ನಟರು, ಅದೇ ಸೆಟ್ಟಿನಲ್ಲಿ, ಸೋಮವಾರದ ಕಂತನ್ನು ಟೇಪಿಗೆ ಹಾಕುತ್ತಿದ್ದರು. ಟೇಪಿದೆ ಎಂದಮೇಲೆ ತಪ್ಪಾದರೆ ತಿದ್ದಬಹುದಲ್ಲ ಎನ್ನುತ್ತೀರಿ. ಆಗಿನ ಟೇಪು ಎರಡು ಇಂಚು ಅಗಲದ್ದು. ಕತ್ತರಿಸಬೇಕಾದರೆ ಕಬ್ಬಿಣದ ಸಣ್ಣ ಕಣ ಬೆರೆಸಿದ ದ್ರವವನ್ನು ಟೇಪಿನ ಮೇಲೆ ಹಚ್ಚಬೇಕು. ಆಗ ಕಾಂತೀಯ ಗುರುತುಗಳು ತೆಳ್ಳನೆಯ ಗೆರೆಗಳಾಗಿ ಎದ್ದು ಕಾಣುತ್ತವೆ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು, ಸರಿಯಾದ ಎರಡು ಗೆರೆಗಳ ನಡುವೆ ಬ್ಲೇಡ್ ಆಡಿಸಿ, ತುದಿಗೆ ತುದಿ ಅಂಟಿಸಬೇಕು. ಕೂದಲೆಳೆಯಷ್ಟು ಆಚೀಚೆಯಾದರೂ ಆ ಜಾಗ ಬಂದಾಗ ಚಿತ್ರ ಹಾರಿ ಉರುಳುತ್ತದೆ. ಕತ್ತರಿಸಿದ ದುಬಾರಿ ಟೇಪನ್ನು ಮತ್ತೆ ಬಳಸುವುದಕ್ಕೂ ಹಿಂಜರಿಕೆ. ಹಾಗಾಗಿ ರೆಕಾರ್ಡಿಂಗ್ ಎಂದರೂ ನಡೆದದ್ದು ನೇರಪ್ರಸಾರದಂತೆಯೇ. ಸಾಲು ಮರೆತ ನಟನನ್ನು ಎದುರಿನವರೇ ದಡ ಹತ್ತಿಸಬೇಕು. ನಾಟಕದವರಾದ ನಿಮಗೆ ಇದು ಹೊಸದೇನಲ್ಲ.

ಈಗ ಬೀದಿಗೆ ಬರೋಣ. ಮೊದಮೊದಲು ಮನೆಗಳ ಮುಂಭಾಗಗಳು ಸ್ಟುಡಿಯೋ ಒಳಗೇ ಇದ್ದವು. ರಸ್ತೆಯ ಕಲ್ಲುಹಾಸು ನೆಲದ ಮೇಲೆ ಬರೆದ ಬಣ್ಣ. 1968ರಲ್ಲಿ ಹೊರಗೆ, ಹಳೆಯ ರೈಲ್ವೆ ಜಾಗದಲ್ಲಿ ಸೆಟ್ ಹಾಕಿದರು. ಅದೂ ನಿಜವಾದ ಮನೆಗಳ ಅಳತೆಯದಲ್ಲ. ಬೀದಿ ಗಿಡ್ಡವಾಗಿದ್ದರೆ ನಟ ನಾಲ್ಕು ಹೆಜ್ಜೆಯಲ್ಲಿ ಮೂರು ಮನೆ ದಾಟಿಬಿಡುತ್ತಾನೆ, ದೈತ್ಯನಂತೆ ಕಾಣುತ್ತಾನೆ. ಅದಕ್ಕೇ ನಿಧಾನವಾಗಿ ನಡೆಯಿರಿ ಎಂದು ನಟರಿಗೆ ತಾಕೀತು. ಹಳೆಯ ಕಂತುಗಳಲ್ಲಿ ಆ ಬೀದಿಯ ಜನಕ್ಕೆ ಯಾವ ಅವಸರವೂ ಇಲ್ಲದಂತೆ ಕಂಡರೆ, ನಿರ್ದೇಶಕನ ಸೌಂದರ್ಯಪ್ರಜ್ಞೆ ಎಂದು ಪ್ರಬಂಧ ಬರೆಯುವ ಮುಂಚೆ ಈ ಅಳತೆಯ ಸಂಗತಿ ನೆನಪಿರಲಿ.

1982ರಲ್ಲಿ ಹೊಸ ಸೆಟ್ ಕಟ್ಟಿದರು, ಈ ಸಲ ಗಟ್ಟಿ ಇಟ್ಟಿಗೆಯಲ್ಲೇ. ಸಾಲ್ಫರ್ಡಿನಲ್ಲಿ ಕೆಡವಿದ ಹಳೆಯ ಮನೆಗಳ ಇಟ್ಟಿಗೆ, ಚಾವಣಿಯ ಕಪ್ಪುಗಲ್ಲು ತಂದು ಬಳಸಿದರು. ಯಾವ ಬಗೆಯ ಬೀದಿಗಳನ್ನು ನೋಡಿ ಧಾರಾವಾಹಿ ಹುಟ್ಟಿತೋ ಅವು ನೆಲಸಮವಾಗುತ್ತಿದ್ದವು, ಅವುಗಳ ಸಾಮಾನಿನಿಂದಲೇ ಸುಳ್ಳು ಬೀದಿ ನಿಂತಿತು. ಮೇ 5ರಂದು ರಾಣಿ ಎಲಿಜಬೆತ್ ಬಂದು ಉದ್ಘಾಟಿಸಿದರು. ಆದರೂ ಬಾಗಿಲ ಹಿಂದೆ ಮನೆ ಇರಲಿಲ್ಲ. ಒಳಾಂಗಣ ಎಲ್ಲ ಸ್ಟುಡಿಯೋದಲ್ಲಿ.

ಇಲ್ಲಿ ನನ್ನ ಕಸುಬಿನ ಮಾತು ಬರುತ್ತದೆ. ಪಾತ್ರವೊಂದು ಹೊರಗೆ ಬಾಗಿಲು ತಳ್ಳುತ್ತದೆ: ಮೋಡದ ದಿನ, ನೀಲಿ ಕಡೆಗೆ ಎಳೆಯುವ ತಣ್ಣನೆ ಬೆಳಕು, ಬೆಳಕಿನ ಬಣ್ಣದ ನಮ್ಮ ಅಳತೆಯಲ್ಲಿ 6500 ಕೆಲ್ವಿನ್ ಎನ್ನುವ ಅಂದಾಜಿನದು. ಮರು ಶಾಟ್‌ನಲ್ಲಿ ಅದೇ ಪಾತ್ರ ಒಳಗೆ ಕಾಲಿಡುತ್ತದೆ: ಅದು ಬೇರೆ ದಿನ, ಬೇರೆ ಜಾಗ, ತಲೆ ಮೇಲೆ 3200 ಕೆಲ್ವಿನ್‌ನ ಟಂಗ್‌ಸ್ಟನ್ ದೀಪ. ಕ್ಯಾಮರಾವನ್ನು ಆಯಾ ಬೆಳಕಿಗೆ ಸರಿ ಮಾಡಿಕೊಂಡರೂ ಕೆನ್ನೆಯ ಬಣ್ಣ, ಕೋಟಿನ ಕಪ್ಪು ಎರಡೂ ಕಡೆ ಒಂದೇ ಇರಬೇಕಾದರೆ ಪ್ಯಾನೆಲ್‌ನಲ್ಲಿ ಕೂತವನು ಐರಿಸ್ಸನ್ನೂ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಕಪ್ಪಿನ ಮಟ್ಟವನ್ನೂ ಬೆರಳಲ್ಲಿ ಹಿಡಿದೇ ಕೂತಿರಬೇಕು. ಚೆನ್ನಾಗಿ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾದರೆ ಫೋನ್ ಬರುತ್ತದೆ. ಗ್ರನಾಡಾದಲ್ಲಿ ಈ ಕೆಲಸ ಮಾಡಿದವರ ಹೆಸರು ಯಾವ ಪುಸ್ತಕದಲ್ಲೂ ದಪ್ಪಕ್ಷರದಲ್ಲಿ ಇರಲಾರದು.

ಬೀಟಲ್ಸ್ ಅಲ್ಲಿ ಹಾಡಿದ್ದು ನಿಜವೇ?
— ಓದುಗರು, ಮಂಗಳೂರು

ನಿಜ. 1962ರ ಅಕ್ಟೋಬರ್ 17ರಂದು, ಸಂಜೆಯ ಸ್ಥಳೀಯ ಕಾರ್ಯಕ್ರಮವೊಂದರಲ್ಲಿ, ನೇರಪ್ರಸಾರದಲ್ಲಿ. ಟಿವಿಯಲ್ಲಿ ಅವರು ಕಾಣಿಸಿಕೊಂಡದ್ದು ಅದೇ ಮೊದಲು. ಮೊದಲ ರೆಕಾರ್ಡ್ ಹೊರಬಂದು ಎರಡು ವಾರವೂ ಆಗಿರಲಿಲ್ಲ. ಅದಕ್ಕೂ ಮುಂಚೆ ಆಗಸ್ಟಿನಲ್ಲೇ ಗ್ರನಾಡಾದ ಕ್ಯಾಮರಾ ಲಿವರ್‌ಪೂಲಿನ ಕ್ಯಾವರ್ನ್ ಕ್ಲಬ್ಬಿಗೆ ಹೋಗಿ ಚಿತ್ರೀಕರಿಸಿಕೊಂಡು ಬಂದಿತ್ತು, ಧ್ವನಿ ಚೆನ್ನಾಗಿಲ್ಲವೆಂದು ಆಗ ಪ್ರಸಾರ ಮಾಡಲಿಲ್ಲ.

ನನ್ನನ್ನು ಕೇಳಿದರೆ ಬೀಟಲ್ಸ್‌ಗಿಂತ ನೋಡಬೇಕಾದ್ದು 1964ರ ಮೇ ತಿಂಗಳಲ್ಲಿ ತೆಗೆದ ಒಂದು ಸಂಗೀತ ಕಾರ್ಯಕ್ರಮ. ಮ್ಯಾಂಚೆಸ್ಟರಿನಲ್ಲಿ ರೈಲು ನಿಲ್ಲುವುದು ನಿಂತುಹೋಗಿದ್ದ ವಿಲ್‌ಬ್ರಹಾಂ ರೋಡ್ ನಿಲ್ದಾಣವನ್ನು ಗ್ರನಾಡಾದವರು ಅಮೆರಿಕದ ದಕ್ಷಿಣದ ಹಳೆಯ ಸ್ಟೇಷನ್ನಿನಂತೆ ಸಿಂಗರಿಸಿದರು. ಒಂದು ಪ್ಲಾಟ್‌ಫಾರಂ ರಂಗಸ್ಥಳ, ಹಳಿಗಳಾಚೆಯದು ಪ್ರೇಕ್ಷಕರಿಗೆ. ಪ್ರೇಕ್ಷಕರನ್ನು ರೈಲಿನಲ್ಲೇ ಕರೆತಂದರು. ಅಮೆರಿಕದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಹಾಡಿದರು. ಅಲ್ಲಿಯದೇ ಗಾಯಕಿ ಸಿಸ್ಟರ್ ರೊಸೆಟಾ ಥಾರ್ಪ್ ಕುದುರೆ ಗಾಡಿಯಿಂದ ಇಳಿದು, ಮಳೆಯಿಂದ ಒದ್ದೆಯಾದ ಪ್ಲಾಟ್‌ಫಾರಮ್ಮಿನ ಮೇಲೆ ಎಲೆಕ್ಟ್ರಿಕ್ ಗಿಟಾರ್ ಹಿಡಿದು ನಿಂತರು. ಒದ್ದೆ ನೆಲ ಮತ್ತು ವಿದ್ಯುತ್ ಗಿಟಾರ್ ಒಟ್ಟಿಗೆ ಕಂಡಾಗ ನನ್ನಂಥವನಿಗೆ ಹಾಡಿಗಿಂತ ಮೊದಲು ಅರ್ಥಿಂಗ್ ನೆನಪಾಗುತ್ತದೆ, ಅದು ಬಿಡಿ. ಆ ಚಿತ್ರಿಕೆ ಉಳಿದಿದೆ, ಸಿಕ್ಕರೆ ನೋಡಿ.

1976ರಲ್ಲಿ ಸೆಕ್ಸ್ ಪಿಸ್ಟಲ್ಸ್ ಎಂಬ ಪಂಕ್ ತಂಡ ಟಿವಿಯಲ್ಲಿ ಮೊದಲು ಕಾಣಿಸಿಕೊಂಡದ್ದೂ ಇಲ್ಲೇ. ಅದನ್ನು ನಡೆಸಿಕೊಟ್ಟ ಟೋನಿ ವಿಲ್ಸನ್ ಹಗಲು ಗ್ರನಾಡಾದ ಸುದ್ದಿ ನಿರೂಪಕ. ಮುಂದೆ ಫ್ಯಾಕ್ಟರಿ ರೆಕಾರ್ಡ್ಸ್ ಎಂಬ ಸಂಗೀತ ಕಂಪನಿ ಕಟ್ಟಿ ಆ ನಗರದ ಸಂಗೀತದ ದಿಕ್ಕನ್ನೇ ಬದಲಿಸಿದವರಲ್ಲಿ ಒಬ್ಬ. ಈ ‘ಫ್ಯಾಕ್ಟರಿ’ ಹೆಸರು ನೆನಪಿಟ್ಟುಕೊಳ್ಳಿ, ಕೆಳಗೆ ಮತ್ತೆ ಬರುತ್ತದೆ.

‘ದಿ ಜ್ಯುವೆಲ್ ಇನ್ ದಿ ಕ್ರೌನ್’ ಭಾರತದಲ್ಲಿ ತೆಗೆದದ್ದು ಎಂದು ನಮ್ಮ ತಂದೆ ಹೇಳುತ್ತಿದ್ದರು. ಅದಕ್ಕೂ ಗ್ರನಾಡಾಕ್ಕೂ ಏನು ಸಂಬಂಧ?
— ಪದವಿ ವಿದ್ಯಾರ್ಥಿನಿ, ಮೈಸೂರು

ತೆಗೆದವರೇ ಗ್ರನಾಡಾದವರು. ಪಾಲ್ ಸ್ಕಾಟ್ ಅವರ ನಾಲ್ಕು ಕಾದಂಬರಿಗಳನ್ನು ಆಧರಿಸಿದ 14 ಕಂತುಗಳ ಸರಣಿ, ಪ್ರಸಾರ ಶುರುವಾದದ್ದು 1984ರ ಜನವರಿಯಲ್ಲಿ. 1982ರಲ್ಲಿ ತಂಡ ತಿಂಗಳುಗಟ್ಟಲೆ ಭಾರತದಲ್ಲಿತ್ತು. ಉದಯಪುರ, ಶಿಮ್ಲಾ, ನಿಮ್ಮ ಮೈಸೂರು ಎಲ್ಲ ಕಡೆ ಓಡಾಡಿತು. ಆದರೆ ನೀವು ಪರದೆಯ ಮೇಲೆ ನೋಡುವ ‘ಭಾರತ’ದಲ್ಲಿ ಗಣನೀಯ ಪಾಲು ಮ್ಯಾಂಚೆಸ್ಟರಿನಲ್ಲಿ ಕಟ್ಟಿದ ಕೋಣೆಗಳು. ವರಾಂಡ ಇಲ್ಲಿಯದು, ಒಳಗಿನ ಹಜಾರ ಅಲ್ಲಿಯದು.

1983ರ ಆರಂಭದಲ್ಲಿ ಮ್ಯಾಂಚೆಸ್ಟರಿನ ಗೋದಾಮಿಗೆ ಬೆಂಕಿ ಬಿದ್ದು ಈ ಸರಣಿಯ ಸೆಟ್ಟುಗಳು ಸುಟ್ಟುಹೋದವು. ಭಾರತದಲ್ಲಿ ತೆಗೆದ ದೃಶ್ಯಕ್ಕೆ ಹೊಂದುವಂತೆ ಮತ್ತೆ ಕಟ್ಟಬೇಕಾಯಿತು. ಸೆಟ್ ಮತ್ತೆ ಕಟ್ಟುವುದು ಎಂದರೆ ಹಲಗೆ ಹೊಡೆಯುವುದಷ್ಟೇ ಎಂದುಕೊಳ್ಳಬೇಡಿ. ಮೊದಲ ಶಾಟ್‌ನಲ್ಲಿ ಕಂಡ ಗೋಡೆಯ ಬಣ್ಣ, ಪರದೆಯ ಮಡಿಕೆ, ಮೇಜಿನ ಮೇಲಿದ್ದ ದೀಪದ ಎತ್ತರ ಎಲ್ಲವೂ ಎರಡನೇ ಶಾಟ್‌ನಲ್ಲಿ ಅಲ್ಲೇ ಇರಬೇಕು. ಶಾಟಿನಿಂದ ಶಾಟಿಗೆ ಹೊಂದಿಕೆ ನೋಡಿಕೊಳ್ಳುವ ಕಂಟಿನ್ಯುಟಿಯವರು ಬರೆದಿಟ್ಟ ಟಿಪ್ಪಣಿ ಮತ್ತು ಫೋಟೋಗಳೇ ಆಗ ಗತಿ. ಇಡೀ ಸರಣಿ ತೆಗೆದದ್ದು 16 ಎಂಎಂ ಫಿಲ್ಮಿನಲ್ಲಿ.

ಅದೇ ಕಾಲದ ಇನ್ನೊಂದು ಸಾಹಸ: ಹೆಸರಾಂತ ನಟ ಲಾರೆನ್ಸ್ ಒಲಿವಿಯೆ 75 ದಾಟಿದ ವಯಸ್ಸಿನಲ್ಲಿ, ಆರೋಗ್ಯ ಕೈಕೊಡುತ್ತಿದ್ದಾಗ, ಗ್ರನಾಡಾ ಸ್ಟುಡಿಯೋದಲ್ಲಿ ಷೇಕ್ಸ್‌ಪಿಯರನ ಕಿಂಗ್ ಲಿಯರ್ ಮಾಡಿದರು. 1983ರಲ್ಲಿ ಪ್ರಸಾರವಾಯಿತು. ಬಿರುಗಾಳಿ, ಬಯಲು, ಸ್ಟೋನ್‌ಹೆಂಜ್ ಮಾದರಿಯ ಕಲ್ಲುಗಳು, ಎಲ್ಲವೂ ನಾಲ್ಕು ಗೋಡೆಯೊಳಗೆ. ಅಷ್ಟು ವಯಸ್ಸಾದ ನಟನನ್ನು ನಿಜವಾದ ಬಯಲಿನಲ್ಲಿ, ನಿಜವಾದ ಮಳೆಯಲ್ಲಿ ನಿಲ್ಲಿಸಲು ಆಗುತ್ತಿತ್ತೇ? ಸ್ಟುಡಿಯೋ ಎಂಬುದು ಯಾಕೆ ಬೇಕು ಎನ್ನುವವರಿಗೆ ನಾನು ಈ ಉದಾಹರಣೆ ಕೊಡುತ್ತೇನೆ.

ಇಷ್ಟು ಯಶಸ್ಸಿದ್ದರೂ ಮುಚ್ಚಿದ್ದೇಕೆ? ನಷ್ಟವಾಯಿತೇ?
— ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಇದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಇನ್ನೂ ಕೆಲವರು ಕೇಳಿದ್ದಾರೆ. ಜನ ನೋಡುವುದನ್ನು ಬಿಟ್ಟದ್ದರಿಂದ ಮುಚ್ಚಲಿಲ್ಲ. ಮುಚ್ಚುವ ದಿನದವರೆಗೂ ‘ಕಾರೊನೇಷನ್ ಸ್ಟ್ರೀಟ್’ ದೇಶದ ಅತಿ ಹೆಚ್ಚು ನೋಡುಗರ ಕಾರ್ಯಕ್ರಮಗಳಲ್ಲೊಂದು. ಕಥೆ ಶುರುವಾಗುವುದು ಹರಾಜಿನಿಂದ.

1990ರ ಪ್ರಸಾರ ಕಾಯ್ದೆ ಐಟಿವಿ ಪರವಾನಗಿಗಳನ್ನು ಮುಚ್ಚಿದ ಲಕೋಟೆಯ ಹರಾಜಿಗಿಟ್ಟಿತು. ಗುಣಮಟ್ಟದ ಪರೀಕ್ಷೆ ದಾಟಿದವರಲ್ಲಿ ಹೆಚ್ಚು ಹಣ ಹೇಳಿದವರಿಗೆ ಪ್ರಾಂತ್ಯ. 1991ರಲ್ಲಿ ಗ್ರನಾಡಾ ಹೇಳಿದ್ದು ವರ್ಷಕ್ಕೆ 90 ಲಕ್ಷ ಪೌಂಡ್. ಎದುರಾಳಿ ಹೇಳಿದ್ದು 3.5 ಕೋಟಿ ಪೌಂಡ್. ಎದುರಾಳಿ ಗುಣಮಟ್ಟದ ಪರೀಕ್ಷೆಯಲ್ಲಿ ಬಿದ್ದದ್ದರಿಂದ ಗ್ರನಾಡಾ ಉಳಿಯಿತು. ಉಳಿದದ್ದು ಕಂಪನಿ, ಅದರ ಸ್ವಭಾವ ಉಳಿಯಲಿಲ್ಲ. ಮರುವರ್ಷವೇ ದೀರ್ಘಕಾಲ ಗ್ರನಾಡಾ ಟಿವಿಯನ್ನು ಮುನ್ನಡೆಸಿದ ಡೇವಿಡ್ ಪ್ಲೌರೈಟ್ ಹೊರಹೋಗಬೇಕಾಯಿತು. ಟಿವಿ ಕಂಪನಿಯ ಒಡೆತನವಿದ್ದ ಗ್ರನಾಡಾ ಸಮೂಹದ ಚುಕ್ಕಾಣಿ ಹಿಡಿದ ಗೆರ್ರಿ ರಾಬಿನ್ಸನ್ ಕ್ಯಾಂಟೀನು, ಕೇಟರಿಂಗ್ ಉದ್ಯಮದಿಂದ ಬಂದವರು. ನಟ ಜಾನ್ ಕ್ಲೀಸ್ ಅದನ್ನೇ ಆಡಿಕೊಂಡು, ಇಲ್ಲಿ ಅಚ್ಚು ಹಾಕಲಾಗದ ಭಾಷೆಯಲ್ಲಿ ಒಂದು ಫ್ಯಾಕ್ಸ್ ಕಳಿಸಿದ್ದು ಪ್ರಸಿದ್ಧ. ನಾನು ಕೇಟರಿಂಗ್ ಉದ್ಯಮವನ್ನು ಹೀಗಳೆಯುವವನಲ್ಲ. ರಾತ್ರಿ ಪಾಳಿಯವರಿಗೆ ಹೊತ್ತಿಗೆ ಸರಿಯಾಗಿ ಊಟ ಕಳಿಸುವವನು ಸಂಸ್ಥೆಯ ಮುಖ್ಯ ಮನುಷ್ಯನೇ. ಆದರೆ ತಟ್ಟೆಯೊಂದಕ್ಕೆ ಎಷ್ಟು ಖರ್ಚು ಎಂಬ ಲೆಕ್ಕವನ್ನು ನಾಟಕಕ್ಕೂ ಸಾಕ್ಷ್ಯಚಿತ್ರಕ್ಕೂ ಹಚ್ಚಿದಾಗ ಏನಾಗುತ್ತದೆಂದು ಈ ಕಸುಬಿನಲ್ಲಿದ್ದವರಿಗೆಲ್ಲ ಗೊತ್ತು.

ಆಮೇಲೆ ಗ್ರನಾಡಾ ಉಳಿದ ಪ್ರಾಂತೀಯ ಕಂಪನಿಗಳನ್ನು ನುಂಗುತ್ತಾ ಹೋಯಿತು. 1994ರಲ್ಲಿ ಲಂಡನ್ನಿನ ವಾರಾಂತ್ಯದ ಕಂಪನಿ, 1997ರಲ್ಲಿ ಯಾರ್ಕ್‌ಶೈರ್. 2004ರಲ್ಲಿ ಇನ್ನೊಂದು ಐಟಿವಿ ಕಂಪನಿ ಕಾರ್ಲ್‌ಟನ್ ಜೊತೆ ವಿಲೀನವಾಗಿ ಐಟಿವಿ ಪಿಎಲ್‌ಸಿ ಆಯಿತು. ಗೆದ್ದವನೇ ಗ್ರನಾಡಾ ಎಂದು ಮ್ಯಾಂಚೆಸ್ಟರಿನವರು ಖುಷಿಪಟ್ಟಿರಬಹುದು. ಆದರೆ ನೋಡಿ, 1956ರಲ್ಲಿ ಕ್ವೇ ಸ್ಟ್ರೀಟ್ ಒಂದು ಕಂಪನಿಯ ಮನೆ. 2004ರಲ್ಲಿ ಅದೇ ಜಾಗ ದೊಡ್ಡ ಕಂಪನಿಯೊಂದರ ಆಸ್ತಿಪಟ್ಟಿಯಲ್ಲಿ ಒಂದು ಸಾಲು. ಲಂಡನ್, ಲೀಡ್ಸ್, ಮ್ಯಾಂಚೆಸ್ಟರ್ ಎಲ್ಲ ಕಡೆ ಸ್ಟುಡಿಯೋಗಳಿದ್ದರೆ, ಎಲ್ಲದಕ್ಕೂ ದೀಪ, ಎಸಿ, ಕಾವಲು, ರಿಪೇರಿ ಯಾಕೆ ಎಂದು ಲೆಕ್ಕಪತ್ರದವನು ಕೇಳಿಯೇ ಕೇಳುತ್ತಾನೆ. ಬ್ಯಾಂಕಿನವರಾದ ನಿಮಗೆ ಆ ಧ್ವನಿಯ ಪರಿಚಯ ಇದ್ದೇ ಇರುತ್ತದೆ.

ಕಟ್ಟಡವೂ ಹಳೆಯದಾಗಿತ್ತು. ಮೇಲೆ ದೂರದವರೆಗೆ ಕಾಣುತ್ತಿದ್ದ ಕೆಂಪಕ್ಷರದ ಗ್ರನಾಡಾ ಫಲಕವನ್ನು 2010ರಲ್ಲಿ ತುಕ್ಕು ಹಿಡಿದಿದೆ ಎಂದು ಇಳಿಸಿಬಿಟ್ಟರು. ಹೈ ಡೆಫಿನಿಷನ್ ಬಂದಮೇಲೆ ಕೇಬಲ್‌ನಿಂದ ಹಿಡಿದು ಮಾನಿಟರ್‌ವರೆಗೆ ಎಲ್ಲ ಬದಲಿಸಬೇಕು. ಹಳೆಯ ಸೆಟ್ಟಿನ ಬಣ್ಣದ ಬಿರುಕು, ಹಲಗೆಯ ಸಂದು ಎಲ್ಲ ಹೊಸ ಕ್ಯಾಮರಾಕ್ಕೆ ಕಾಣುತ್ತವೆ. ಅದೇ ಹೊತ್ತಿಗೆ ಕೆಲವೇ ಕಿಲೋಮೀಟರ್ ದೂರದ ಸಾಲ್ಫರ್ಡ್ ಬಂದರಿನ ಅಂಚಿನಲ್ಲಿ ಮೀಡಿಯಾಸಿಟಿ ಎಂಬ ಹೊಸ ಮಾಧ್ಯಮ ಕೇಂದ್ರ ಎದ್ದಿತು. 2011ರಲ್ಲಿ ಬಿಬಿಸಿಯ ಹಲವು ವಿಭಾಗಗಳು ಅಲ್ಲಿಗೆ ಬಂದವು. ಐಟಿವಿಯೂ ಹೊರಟಿತು. 2013ರ ವಸಂತದ ಹೊತ್ತಿಗೆ ಸುದ್ದಿ ವಿಭಾಗ ಸ್ಥಳಾಂತರ, ಡಿಸೆಂಬರಿನಲ್ಲಿ ಕ್ವೇ ಸ್ಟ್ರೀಟಿನಲ್ಲಿ ‘ಕಾರೊನೇಷನ್ ಸ್ಟ್ರೀಟ್’ನ ಕೊನೆಯ ದೃಶ್ಯ. ಆ ವರ್ಷವೇ ಇಡೀ ಜಾಗವನ್ನು ಅಲೈಡ್ ಲಂಡನ್ ಎಂಬ ಕಟ್ಟಡ ಕಂಪನಿ ಮತ್ತು ಮ್ಯಾಂಚೆಸ್ಟರ್ ನಗರಸಭೆ ಸೇರಿ 2.6 ಕೋಟಿ ಪೌಂಡಿಗೆ ಕೊಂಡವು.

ನನ್ನ ಅಭಿಪ್ರಾಯ ಇಷ್ಟು: ಊರ ನಡುವೆ ಇದ್ದದ್ದೇ ಆ ಸ್ಟುಡಿಯೋವನ್ನು ಬೆಳೆಸಿತು, ಊರ ನಡುವೆ ಇದ್ದದ್ದೇ ಅದನ್ನು ಮುಚ್ಚಿಸಿತು. 1956ರಲ್ಲಿ ಆ ನದಿ ದಂಡೆ ಗೋದಾಮು, ರೈಲ್ವೆ ಯಾರ್ಡುಗಳ ನಡುವಿನ ಜಾಗ. 2013ರಲ್ಲಿ ಅದು ಅಪಾರ್ಟ್‌ಮೆಂಟ್ ಮತ್ತು ಹೋಟೆಲುಗಳವರ ಕಣ್ಣಿಗೆ ಬಿದ್ದ ಜಾಗ. ಬೀದಿಯ ಸೆಟ್ ಹಾಕಲು ಎಕರೆಗಟ್ಟಲೆ ನೆಲವನ್ನು ಮಹಾನಗರದ ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಧೈರ್ಯ ಇವತ್ತಿನ ಯಾವ ಷೇರುದಾರನಿಗೂ ಇಲ್ಲ. 2013ರ ಮಾರ್ಚಿನಲ್ಲೇ ಬಿಬಿಸಿ ತನ್ನ ಲಂಡನ್ ಟೆಲಿವಿಷನ್ ಸೆಂಟರನ್ನೂ ಖಾಲಿ ಮಾಡಿತು. ಅದು ಮಾರಾಟವಾದದ್ದು 20 ಕೋಟಿ ಪೌಂಡಿಗೆ. ಎರಡು ಬೆಲೆಗಳ ಅಂತರ ನೋಡಿದರೆ ನಿಮಗೆ ಲಂಡನ್ನಿಗೂ ಮ್ಯಾಂಚೆಸ್ಟರಿಗೂ ಇದ್ದ ದೂರ ತಿಳಿಯುತ್ತದೆ.

ಮುಚ್ಚುವ ಮುಂಚೆ ಅದನ್ನು ಪ್ರವಾಸಿ ತಾಣ ಮಾಡಿ ಉಳಿಸಬಹುದಿತ್ತಲ್ಲ?
— ಗೃಹಿಣಿ, ಚಿಕ್ಕಮಗಳೂರು

ಮಾಡಿದ್ದರು. 1988ರಲ್ಲಿ ಗ್ರನಾಡಾ ಸ್ಟುಡಿಯೋಸ್ ಟೂರ್ ಶುರುವಾಯಿತು. ಕಾರೊನೇಷನ್ ಸ್ಟ್ರೀಟಿನಲ್ಲಿ ಓಡಾಡಬಹುದು. ಜೆರೆಮಿ ಬ್ರೆಟ್ ನಟಿಸಿದ ಶೆರ್ಲಾಕ್ ಹೋಮ್ಸ್‌ಗೆ ಕಟ್ಟಿದ ಬೇಕರ್ ಸ್ಟ್ರೀಟ್ ನೋಡಬಹುದು. 1986ರ ಸರಣಿಯೊಂದಕ್ಕೆ ಕಟ್ಟಿದ ಬ್ರಿಟಿಷ್ ಸಂಸತ್ತಿನ ಪ್ರತಿಕೃತಿಯಲ್ಲಿ ಕೂತು ನಟರ ಅಣಕು ಚರ್ಚೆ ಕೇಳಬಹುದು. ಆ ಸಂಸತ್ತು ಬೇರೆ ನಿರ್ಮಾಪಕರಿಗೂ ಬಹಳ ಉಪಯೋಗಕ್ಕೆ ಬಂತು. ಹತ್ತಕ್ಕೂ ಹೆಚ್ಚು ವರ್ಷ ನಡೆದು 1999ರಲ್ಲಿ ಟೂರ್ ನಿಂತಿತು. ಸ್ಟುಡಿಯೋ ಖಾಲಿಯಾದ ಮೇಲೆ 2014ರಲ್ಲಿ ಬೀದಿಯ ಸೆಟ್ಟನ್ನು ಮತ್ತೆ ಕೆಲಕಾಲ ತೆರೆದಾಗ ಜನ ಸಾಲುಗಟ್ಟಿ ಬಂದರು.

ಆದರೂ ನನಗೆ ಸ್ಟುಡಿಯೋ ಟೂರುಗಳ ಬಗ್ಗೆ ಅಷ್ಟಕ್ಕಷ್ಟೇ. ಕೆಲಸ ನಡೆಯುವ ಫ್ಲೋರಿನಲ್ಲಿ ಪ್ರವಾಸಿಗೆ ಜಾಗವಿಲ್ಲ, ಪ್ರವಾಸಿಗಳಿರುವ ಜಾಗದಲ್ಲಿ ಧ್ವನಿ ರೆಕಾರ್ಡ್ ಮಾಡುವವನಿಗೆ ನೆಮ್ಮದಿಯಿಲ್ಲ.

ಈಗ ಅಲ್ಲಿ ಏನಿದೆ? ನಮ್ಮ ಮಗ ಮ್ಯಾಂಚೆಸ್ಟರಿನಲ್ಲಿದ್ದಾನೆ, ಹೋದಾಗ ನೋಡಬಹುದೇ?
— ದಂಪತಿ, ಶಿವಮೊಗ್ಗ

ಪ್ರದೇಶಕ್ಕೆ ಈಗ ಸೇಂಟ್ ಜಾನ್ಸ್ ಎಂದು ಹೆಸರು. ಹಳೆಯ ಸೆಟ್ಟುಗಳಿಲ್ಲ, ಗ್ರನಾಡಾದ ಮುಖ್ಯ ಕಟ್ಟಡವನ್ನು ಕೆಡವದೆ ಬೇರೆ ಉಪಯೋಗಕ್ಕೆ ತಿರುಗಿಸಿದ್ದಾರೆ. ಬೀದಿಯ ಸೆಟ್ ಇದ್ದ ಭಾಗದ ಕಡೆಗೆ ನಡೆದರೆ ಅವಿವಾ ಸ್ಟುಡಿಯೋಸ್ ಎಂಬ ಭಾರೀ ಕಲಾಕೇಂದ್ರ ಕಾಣುತ್ತದೆ. ವಾಸ್ತುಶಿಲ್ಪಿ ರೆಮ್ ಕೂಲ್‌ಹಾಸ್ ಅವರ ಓಎಂಎ ಸಂಸ್ಥೆಯ ವಿನ್ಯಾಸ, 2023ರಲ್ಲಿ ತೆರೆಯಿತು, ಖರ್ಚು 20 ಕೋಟಿ ಪೌಂಡ್ ದಾಟಿತು. ಯೋಜನೆಯ ಮೊದಲ ಹೆಸರು ‘ದಿ ಫ್ಯಾಕ್ಟರಿ’, ಮೇಲೆ ಹೇಳಿದ ಟೋನಿ ವಿಲ್ಸನ್ ಕಾಲದ ನೆನಪಿಗೆ. ಆಮೇಲೆ ವಿಮಾ ಕಂಪನಿಯೊಂದು ಹಣ ಕೊಟ್ಟು ತನ್ನ ಹೆಸರು ಹಾಕಿಸಿಕೊಂಡಿತು. ಸ್ಟುಡಿಯೋ ಅಲ್ಲದ ಕಟ್ಟಡಕ್ಕೆ ಸ್ಟುಡಿಯೋ ಎಂಬ ಹೆಸರು ಬಂದದ್ದು ಹೀಗೆ. ಬಾರ್ನಮ್ ಇದ್ದಿದ್ದರೆ ಮೆಚ್ಚುತ್ತಿದ್ದನೇನೋ.

ಪಕ್ಕದಲ್ಲೇ 1830ರ ಲಿವರ್‌ಪೂಲ್ ರೋಡ್ ರೈಲು ನಿಲ್ದಾಣವಿದೆ, ಲಿವರ್‌ಪೂಲ್–ಮ್ಯಾಂಚೆಸ್ಟರ್ ಮಾರ್ಗದ ಮೂಲ ನಿಲ್ದಾಣ. ಈಗ ಅದು ವಿಜ್ಞಾನ ಮತ್ತು ಕೈಗಾರಿಕಾ ವಸ್ತುಸಂಗ್ರಹಾಲಯದ ಭಾಗ. ಹೋದವರು ಎರಡನ್ನೂ ಒಟ್ಟಿಗೆ ನೋಡಿ ಬನ್ನಿ. ಕಾರೊನೇಷನ್ ಸ್ಟ್ರೀಟಿನ ಹೊಸ ಸೆಟ್ ಟ್ರಾಫರ್ಡ್ ವಾರ್ಫ್‌ನಲ್ಲಿದೆ, ಕಾಲುವೆಯ ಆಚೆ ಮೀಡಿಯಾಸಿಟಿ. 2014ರ ಮಾರ್ಚಿನಿಂದ ಪರದೆಯ ಮೇಲೆ ಕಾಣುತ್ತಿರುವುದು ಅದೇ. ಭೇಟಿಯ ವ್ಯವಸ್ಥೆ ಕಾಲಕಾಲಕ್ಕೆ ಬದಲಾಗುತ್ತದೆ, ಮಗನಿಗೆ ಮೊದಲೇ ವಿಚಾರಿಸಲು ಹೇಳಿ.

ಎಲ್ಲರ ಕೈಯಲ್ಲೂ ಮೊಬೈಲ್ ಕ್ಯಾಮರಾ ಇರುವಾಗ ಇಂಥ ದೊಡ್ಡ ಸ್ಟುಡಿಯೋ ಇನ್ನು ಬೇಕೇ ಸರ್?
— ಯೂಟ್ಯೂಬ್ ಚಾನೆಲ್ ನಡೆಸುವ ಯುವಕ, ಕಲಬುರಗಿ

ಕ್ಯಾಮರಾ ಚಿಕ್ಕದಾಯಿತು, ಸರಿ. ಆದರೆ ಮೇಲಿಂದ ದೀಪ ಇಳಿಬಿಡಲು ಎತ್ತರ, ಕ್ಯಾಮರಾ ಜಾರಿದರೆ ಕುಲುಕದ ನೆಲ, ಹೊರಗೆ ಲಾರಿ ಹೋದರೂ ಒಳಗೆ ಕೇಳಿಸದ ಗೋಡೆ, ಬಡಗಿಗಳಿಗೆ ಜಾಗ, ಸೆಟ್ ಇಡಲು ಗೋದಾಮು ಇವು ಮೊಬೈಲಿನಲ್ಲಿ ಬರುವುದಿಲ್ಲ. ಗ್ರನಾಡಾ ಖಾಲಿ ಮಾಡಿದವರೂ ಬಯಲಿಗೆ ಹೋಗಲಿಲ್ಲ, ಇನ್ನೊಂದು ಸ್ಟುಡಿಯೋಕ್ಕೇ ಹೋದರು. ನಿಮ್ಮ ವಿಡಿಯೋ ನೋಡಿದೆ. ಮಾತು ಚೆನ್ನಾಗಿದೆ, ಫ್ಯಾನಿನ ಸದ್ದು ವಿಪರೀತ. ಮೈಕನ್ನು ಬಾಯಿಗೆ ಹತ್ತಿರ ತನ್ನಿ, ಕಿಟಕಿಗೆ ದಪ್ಪ ಬಟ್ಟೆ ಹಾಕಿ, ರೆಕಾರ್ಡಿಂಗ್ ಹೊತ್ತಿನಲ್ಲಿ ಫ್ಯಾನ್ ಆರಿಸಿ. ಕಲಬುರಗಿಯ ಬೇಸಿಗೆಯಲ್ಲಿ ಇದು ಕ್ರೂರ ಸಲಹೆ ಎಂದು ಗೊತ್ತು. ಅದಕ್ಕೇ ಬೆಳಗಿನ ಜಾವ ಮಾಡಿ.

ಧ್ವನಿ ನಿರೋಧದ ಬಗ್ಗೆ ಬಂದ ಉಳಿದ ಪತ್ರಗಳಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇನೆ.